ಮೊದಲು ನಮಸ್ಕಾರ, ಆಮೇಲೆ ಬೆಂಕಿ

ಪೆಟಿ ಸಲೀನ್ ದ್ವೀಪದ ಹಡಗುಕಟ್ಟೆಯಲ್ಲಿ ಇಳಿದವರ ಮೂಗಿಗೆ ಮೊದಲು ಬಡಿಯುವುದು ಎಲ್ಫ್ರೀಡಾಳ ಬಾಣಲೆಯ ವಾಸನೆ, ಕಿವಿಗೆ ಬಡಿಯುವುದು ಅವಳ ಗಂಟಲು. ಕಟ್ಟೆಯ ಬುಡದ ಕಾಡುಬಾದಾಮಿ ಮರದ ಕೆಳಗೆ ಅವಳದೊಂದು ಒಲೆ, ಒಂದು ಬೆಂಚು. ಬೆಳಗಿನಿಂದ ಸಂಜೆಯ ತನಕ ಹಿಟ್ಟು ತಟ್ಟಿ ಬೇಕ್ ಎಂಬ ಉಬ್ಬುರೊಟ್ಟಿ ಕರಿಯುತ್ತಾಳೆ, ಅದರ ಹೊಟ್ಟೆ ಸೀಳಿ ಉಪ್ಪುಮೀನು ತುಂಬಿ ಕೊಡುತ್ತಾಳೆ. ಬಾಯಿ ಸುಮ್ಮನಿರುವುದೆಂದರೆ ಹಿಟ್ಟು ಕಲಸುವಾಗ ನೊಣ ಬಂದರೆ ಮಾತ್ರ. ಊರಿಗೆಲ್ಲ ಅವಳು ಟ್ಯಾಂಟಿ. ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲವೂ ಆ ಒಂದೇ ಮಾತಿನಲ್ಲಿ ಬಂತು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ, ಬಲೆ ಹೆಣೆಯುವ ಮುದುಕ ಬರ್ಟಿಲ್ ಕೂಡ ಟ್ಯಾಂಟಿ ಎಂದೇ ಕರೆಯುತ್ತಿದ್ದ.

ಗ್ರೆನಡೀನ್ಸ್ ದ್ವೀಪಗಳ ಸಾಲಿನಲ್ಲಿ ನಮ್ಮದು ಹಡಗಿನವರು ಕೊನೆಯಲ್ಲಿ ನೆನಪಿಸಿಕೊಳ್ಳುವ ದ್ವೀಪ. ಬರುವ ಪ್ರವಾಸಿಗರಿಗೆ ಬುದ್ಧಿ ಹೇಳಲು ಇಲ್ಲಿ ಕಚೇರಿಯಿಲ್ಲ, ಫಲಕವಿಲ್ಲ. ಟ್ಯಾಂಟಿಯೇ ಕಚೇರಿ, ಟ್ಯಾಂಟಿಯೇ ಫಲಕ. ಯಾರೂ ನೇಮಿಸಿದ್ದಲ್ಲ, ಯಾರೂ ಬೇಡ ಅಂದದ್ದೂ ಇಲ್ಲ. ಹೊಸಬರು ಕಂಡರೆ ಸಾಕು, ಬೆಂಚಿನ ಮೇಲೆ ಕೂರಿಸಿ ಶುರು ಮಾಡುತ್ತಿದ್ದಳು.

"ಬಂದ್ರಾ? ಕೂತ್ಕೊಳ್ಳಿ, ಕೇಳಿ. ಸಿಪಾಯಿಗಳ ಬಟ್ಟೆ ಥರ ಹಸಿರು ಮಚ್ಚೆ ಇರೋ ಚಡ್ಡಿ ತಂದಿದ್ರೆ ಚೀಲದಿಂದ ತೆಗೀಬೇಡಿ, ಪೊಲೀಸು ಹಿಡೀತಾನೆ. ನಗಬೇಡಿ, ನಿಜ. ಈಜೋ ತುಂಡು ಬಟ್ಟೇಲಿ ಅಂಗಡಿಗೆ ಬರಬೇಡಿ, ಪಾದ್ರಿಗಳೂ ಅಲ್ಲೇ ಸಕ್ಕರೆ ತಗೊಳ್ಳೋದು. ದಡದಲ್ಲಿ ಸಣ್ಣ ಸೇಬಿನ ಥರ ಹಣ್ಣು ಬಿಡೋ ಮರ ಇದೆ, ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿದ್ದೀವಿ. ಹಣ್ಣು ಕಚ್ಚಿದ್ರೆ ಗಂಟಲು ಬೆಂದುಹೋಗುತ್ತೆ, ಮಳೇಲಿ ಅದರ ಕೆಳಗೆ ನಿಂತ್ರೆ ಮೈಯೆಲ್ಲ ಬೊಬ್ಬೆ. ಬ್ಯಾಂಕ್ ಇಲ್ಲ. ಭಾನುವಾರ ಹಡಗಿಲ್ಲ. ನೀರು ಮಳೇದು, ತೊಟ್ಟೀಲಿ ಹಿಡಿದಿಟ್ಟಿರೋದು, ಹಾಡು ಹೇಳ್ಕೊಂಡು ಸ್ನಾನ ಮಾಡ್ಬೇಡಿ. ನಮ್ ಕಾಸ್ಮೋರ್ ದೋಣಿ ತಗೊಂಡು ಈಗ ಬಂದೆ ಅಂದ್ರೆ ನೀವು ಊಟ ಮಾಡಿ, ಒಂದು ನಿದ್ದೆ ತೆಗೆದು, ಆಮೇಲೆ ಕಾಯೋಕೆ ಶುರು ಮಾಡಿ."

"ಟ್ಯಾಂಟೀ, ನನ್ನ ಹೊಟ್ಟೆ ಮೇಲೆ ಹೊಡೀಬೇಡ!" ಎಂದು ಕಾಸ್ಮೋರ್ ದೋಣಿಯಿಂದಲೇ ಕೂಗುತ್ತಿದ್ದ. ಅವನು ಅವಳ ತೀರಿಹೋದ ಅಣ್ಣನ ಮಗ. ಅವಳು ಸಾಕಿದವನು.

"ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ಜಾಗ ಎಲ್ಲಿದೆಯೋ, ಬರೀ ಬೆನ್ನೇ ಇರೋದು," ಅನ್ನುವಳು. ಮತ್ತೆ ಬಂದವರ ಕಡೆ ತಿರುಗಿ, "ಗುಡ್ಡದ ಆಚೆ ಗಾಳಿಬದಿ ದಡ ಇದೆ. ನೋಡೋಕೆ ಚೆಂದ. ಅಲ್ಲಿ ಈಜಬೇಡಿ. ಇದಿಷ್ಟನ್ನ ಮರೆತ್ರೂ ಒಂದನ್ನ ಮಾತ್ರ ಮರೀಬೇಡಿ. ಇಲ್ಲಿ ಯಾರನ್ನಾದ್ರೂ ಏನಾದ್ರೂ ಕೇಳೋ ಮುಂಚೆ ನಮಸ್ಕಾರ ಹೇಳಿ. ಅವರು ತಿರುಗಿ ಹೇಳಲಿ. ಆಮೇಲೆ ನಿಮ್ಮ ಮಾತು. ಮನೆಗೆ ಬೆಂಕಿ ಬಿದ್ದಿದ್ರೂ ಅಷ್ಟೇ, ಮೊದಲು ನಮಸ್ಕಾರ, ಆಮೇಲೆ ಬೆಂಕಿ!"

ಬೆಂಕಿಯ ಮಾತಿಗೆ ಎಲ್ಲರೂ ನಗುತ್ತಿದ್ದರು. ಆ ನಗುವಿಗಾಗಿಯೇ ಅವಳು ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಇದು ಅವಳೊಬ್ಬಳ ಹುಚ್ಚಲ್ಲ. ನಮ್ಮ ದ್ವೀಪಗಳಲ್ಲಿ ನಮಸ್ಕಾರ ಹೇಳದೆ ಬಾಯಿ ತೆರೆದವನಿಗೆ ಉತ್ತರ ಸಿಗುವುದಿಲ್ಲ. ಬೈಯುವುದಿಲ್ಲ, ಜಗಳವಿಲ್ಲ. ಕೇಳಿಸಲೇ ಇಲ್ಲವೆಂಬಂತೆ ಇದ್ದುಬಿಡುತ್ತೇವೆ. ಅಂಗಡಿಯವಳು ತಕ್ಕಡಿ ಒರೆಸುತ್ತಾಳೆ, ಬರ್ಟಿಲ್ ಬಲೆಯ ಗಂಟು ಹುಡುಕುತ್ತಾನೆ. ಹೊರಗಿನವರು ಇವರೆಲ್ಲ ಕಿವುಡರೋ ಸೊಕ್ಕಿನವರೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಆ ಪದ್ಧತಿಯನ್ನು ಟ್ಯಾಂಟಿಯಷ್ಟು ಹಟದಿಂದ ಕಾದವರು ಬೇರೆ ಇಲ್ಲ. ಅದಕ್ಕೊಂದು ಕಾರಣವಿತ್ತು.

ಹರೆಯದಲ್ಲಿ ಅವಳು ಉತ್ತರದ ಕಡೆಯ ಒಂದು ಶ್ರೀಮಂತರ ದ್ವೀಪದ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸಕ್ಕಿದ್ದಳು. ಅಲ್ಲಿ ಬರುವವರು ಅವಳ ಪಕ್ಕದಲ್ಲೇ ಹಾದುಹೋಗುತ್ತಿದ್ದರು, ಕಣ್ಣೆತ್ತುತ್ತಿರಲಿಲ್ಲ. ಅವಳು ಮಾತ್ರ ತಾಯಿ ಕಲಿಸಿದಂತೆ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳುತ್ತಿದ್ದಳು. ಹೇಳಿದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅದನ್ನೂ ಸಹಿಸಿಕೊಂಡಳು. ಒಂದು ದಿನ ಹಾಸಿಗೆಯ ಬಟ್ಟೆ ಎದೆಗವಚಿಕೊಂಡು ಒಂದು ಕೋಣೆಯಲ್ಲಿ ನಿಂತಿದ್ದಳು. ಅಲ್ಲಿದ್ದ ಹೆಂಗಸು ಫೋನಿನಲ್ಲಿ ಯಾರಿಗೋ, ಕಿಟಕಿಯ ಹೊರಗೆ ನೋಡುತ್ತ, "ಹೇಳು, ಹೇಳು, ಕೋಣೇಲಿ ಯಾರೂ ಇಲ್ಲ, ನಾನೊಬ್ಬಳೇ" ಎಂದಳು. ಎಲ್ಫ್ರೀಡಾ ಬಟ್ಟೆಯನ್ನು ಮಂಚದ ಮೇಲಿಟ್ಟು ಹೊರಗೆ ಬಂದಳು. ಆ ವಾರದ ಹಡಗಿಗೇ ಊರಿಗೆ ವಾಪಸಾದಳು. "ನಾನು ಇದ್ದೀನಿ ಅಂತ ಒಪ್ಪಿಕೊಳ್ಳದೇ ಇರೋರಿಗೆ ನನ್ನ ಬಾಯಿಂದ ಒಂದು ಮಾತೂ ಇಲ್ಲ," ಎಂದು ತಾಯಿಯ ಮುಂದೆ ಆಣೆ ಮಾಡಿದಳು.

ಈ ಕತೆ ಊರಿಗೆಲ್ಲ ಗೊತ್ತು. ಹಾಗಾಗಿ ಅವಳ ನಮಸ್ಕಾರದ ಪಾಠವನ್ನು ನಾವು ತಮಾಷೆ ಮಾಡಿದರೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಹೀಗಿರುವಾಗ ಹಾಲೆಂಡಿನ ಗಂಡಹೆಂಡತಿ ಬಂದಿಳಿದರು. ಗಂಡನ ಹೆಸರು ಯೋರಿಸ್, ಹೆಂಡತಿ ಮಾರ್ಲೇನ್. ಇಬ್ಬರಿಗೂ ಐವತ್ತು ದಾಟಿತ್ತು. ಅವಳು ಕಣ್ಣಿಗೆ ಬಿದ್ದದ್ದಕ್ಕೆಲ್ಲ ನಗುವ, ಮೇಕೆಗಳನ್ನೂ ಮಾತಾಡಿಸುವ ಹೆಂಗಸು. ಅವನು ಉದ್ದನೆಯ ಮನುಷ್ಯ, ನಾಚಿಕೆ ಸ್ವಭಾವ, ಬಂದ ದಿನವೇ ಬಿಸಿಲಿಗೆ ಮುಖ ಕೆಂಪಗೆ ಬೆಂದಿತ್ತು. ಟ್ಯಾಂಟಿಯ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಯಲ್ಲೇ ಉಳಿದುಕೊಳ್ಳಬೇಕಿತ್ತು. ಯೋರಿಸ್ ಪೆಟ್ಟಿಗೆ ಎಳೆದುಕೊಂಡು ನೇರ ಬೆಂಚಿನ ಬಳಿ ಬಂದು, "ಕೋಣೆಯ ಬೀಗದ ಕೈ ಎಲ್ಲಿ?" ಎಂದ.

ಟ್ಯಾಂಟಿ ಬೇಕ್ ಮಗುಚಿದಳು. ಇನ್ನೊಮ್ಮೆ ಕೇಳಿದ. ಅವಳು ಆಕಾಶ ನೋಡಿ, "ಮಳೆ ಬರೋ ಹಾಗಿದೆ ಅಲ್ವಾ ಬರ್ಟಿಲ್?" ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ನಗು ತಡೆದುಕೊಂಡು ಕಾಯುತ್ತಿದ್ದರು. ಮಾರ್ಲೇನ್‌ಳಿಗೆ ಏನೋ ಹೊಳೆಯಿತು. ಮುಂದೆ ಬಂದು, "ನಮಸ್ಕಾರ" ಎಂದಳು.

"ನಮಸ್ಕಾರ ಕಣಮ್ಮಾ, ಸುಖವಾಗಿ ಬಂದ್ರಾ? ಹಡಗು ಹೊಟ್ಟೆ ತೊಳಸಲಿಲ್ಲ ತಾನೇ?" ಟ್ಯಾಂಟಿಯ ಮುಖ ಅರಳಿತು. ಗಂಡನ ಕಡೆ ಬಾಣಲೆಯ ಸೌಟು ತೋರಿಸಿ, "ಇವರನ್ನ ಹಡಗಿನ ಹತ್ರ ವಾಪಸ್ ಕಳಿಸು. ಅಲ್ಲಿಂದ ಮತ್ತೆ ನಡ್ಕೊಂಡು ಬರಲಿ, ಸರಿಯಾಗಿ ಬರಲಿ," ಎಂದಳು.

ಪಾಪ, ಹೋದ. ಪೆಟ್ಟಿಗೆಯನ್ನೂ ಎಳೆದುಕೊಂಡು ಹೋದ. ವಾಪಸು ಬಂದು, ಟೊಪ್ಪಿ ತೆಗೆದು, "ನಮಸ್ಕಾರ, ಟ್ಯಾಂಟಿ" ಎಂದಾಗ ಕಟ್ಟೆಯೆಲ್ಲ ಚಪ್ಪಾಳೆ ತಟ್ಟಿತು. ಮಾರ್ಲೇನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರಿಗೂ ಪೂರ್ತಿ ಪಾಠ ನಡೆಯಿತು, ಬೆಂಕಿಯ ಮಾತಿನ ತನಕ.

ಯೋರಿಸ್ ಮಾತ್ರ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಮರುದಿನ ಅವನು ಬರ್ಟಿಲ್‌ನ ಹತ್ತಿರ ಏನೋ ದಾರಿ ಕೇಳಲು ಹೋಗಿ ನಮಸ್ಕಾರ ಮರೆತ. ಬರ್ಟಿಲ್ ತಲೆ ಎತ್ತಲಿಲ್ಲ. ಇವನು ಮತ್ತೆ ಮತ್ತೆ ಕೇಳಿ, ಕೈಸನ್ನೆ ಮಾಡಿ, ಕೊನೆಗೆ ದಾರಿ ತಪ್ಪಿ ಉಪ್ಪಿನ ಕೆರೆಯ ಕೆಸರಲ್ಲಿ ಹೂತು ಬಂದ. ಆ ರಾತ್ರಿ ಊಟಕ್ಕೆ ಕೂತಾಗ ಟ್ಯಾಂಟಿಯನ್ನು ಕೇಳಿದ, "ಹೇಳದಿದ್ದರೆ ಯಾರೂ ನಿಜವಾಗಿಯೂ ಉತ್ತರ ಕೊಡುವುದಿಲ್ಲವೇ? ಯಾವಾಗಲೂ?"

"ಯಾವಾಗ್ಲೂ," ಎಂದಳು ಟ್ಯಾಂಟಿ, ಅವನ ತಟ್ಟೆಗೆ ಸುಟ್ಟ ದೀವಿಹಲಸು ಹಾಕುತ್ತ.

ಅಲ್ಲಿಂದ ಅವನ ನಮಸ್ಕಾರವೇ ಊರಿನ ಮಾತಾಯಿತು. ಮೇಕೆ ಮೇಯಿಸುವ ಮಕ್ಕಳಿಗೂ ಟೊಪ್ಪಿ ತೆಗೆಯುತ್ತಿದ್ದ. ನಾಲ್ಕು ಜನ ನಿಂತಿದ್ದರೆ ನಾಲ್ವರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದ, ಪ್ರತಿಯೊಬ್ಬರೂ ತಿರುಗಿ ಹೇಳುವ ತನಕ ಕಾಯುತ್ತಿದ್ದ. "ಟ್ಯಾಂಟಿ, ನಿನ್ನ ಶಾಲೇಲಿ ಇವನೇ ಫಸ್ಟ್ ಕ್ಲಾಸು," ಎಂದು ಕಾಸ್ಮೋರ್ ರೇಗಿಸುತ್ತಿದ್ದ. ಅವಳಿಗೂ ಒಳಗೊಳಗೆ ಹೆಮ್ಮೆ.

ಒಂದು ದಿನ ಮಧ್ಯಾಹ್ನ ಅವರಿಬ್ಬರೂ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿ ಗಾಳಿಬದಿಗೆ ಹೋದರು. ಹೊರಡುವಾಗ ಮಾರ್ಲೇನ್ ಬೆಂಚಿನ ಬಳಿ ನಿಂತು, "ಈಜುವುದಿಲ್ಲ ಟ್ಯಾಂಟಿ, ನೆನಪಿದೆ," ಎಂದು ಬೆರಳೆತ್ತಿ ತೋರಿಸಿ ಹೋದಳು. ಅವಳು ಈಜಲಿಲ್ಲ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಊಟ ಮುಗಿಸಿ, ಕೈಕಾಲಿಗಂಟಿದ ಮರಳು ತೊಳೆಯಲು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಗಾಳಿಬದಿಯ ಅಲೆ ಬರುವಾಗ ಏನೂ ಮಾಡುವುದಿಲ್ಲ, ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ನೆಲವನ್ನೇ ತೆಗೆದುಕೊಂಡು ಹೋಗುತ್ತದೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಜಬೇಡಿ ಎಂದಿದ್ದಳು ಟ್ಯಾಂಟಿ. ನಿಲ್ಲಬೇಡಿ ಎಂದಿರಲಿಲ್ಲ.

ಯೋರಿಸ್‌ಗೆ ಈಜು ಬರುತ್ತಿರಲಿಲ್ಲ. ಅಲೆ ಎಳೆದುಕೊಂಡ ಹೆಂಡತಿ ಇನ್ನೂ ಮುಳುಗದೆ, ಕೈ ಎತ್ತುತ್ತ, ಹವಳದ ದಿಬ್ಬದ ಕಡೆಗೆ ಹೋಗುತ್ತಿರುವುದು ಕಂಡಿತು. ಅಲ್ಲಿ ಕೂಗಿದರೆ ಕೇಳುವವರಿಲ್ಲ. ಅವನು ಗುಡ್ಡ ಹತ್ತಿ ಓಡಿದ.

ಗುಡ್ಡ ಇಳಿದ ಕೂಡಲೇ ಸಿಗುವುದು ಬರ್ಟಿಲ್‌ನ ಮನೆ. ಮುದುಕ ನೆರಳಿನಲ್ಲಿ ಬಲೆ ಹರವಿಕೊಂಡು ಕೂತಿದ್ದ. ಕೆಸರಿನಲ್ಲಿ ಹೂತ ದಿನ ಯೋರಿಸ್ ಇವನ ಮುಂದೆ ನಿಂತು ಎಷ್ಟು ಕೂಗಿದ್ದರೂ ಇವನು ತಲೆ ಎತ್ತಿರಲಿಲ್ಲ. ಅದು ಯೋರಿಸ್‌ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೇಳದಿದ್ದರೆ ಇವರಿಗೆ ಕೇಳಿಸುವುದಿಲ್ಲ, ಹೇಳದಿದ್ದರೆ ಇವರು ಏಳುವುದಿಲ್ಲ, ಯಾವಾಗಲೂ. ಓಟ ನಿಲ್ಲಿಸಿದ. ಏದುಸಿರು ಬಿಡುತ್ತ, ತಲೆಯ ಮೇಲೆ ಇಲ್ಲದ ಟೊಪ್ಪಿಗೆ ಕೈ ಹಾಕಿ, "ನಮಸ್ಕಾರ, ಬರ್ಟಿಲ್" ಎಂದ.

ಬರ್ಟಿಲ್‌ಗೆ ಖುಷಿಯಾಯಿತು. ಸೊಂಟ ಹಿಡಿದುಕೊಂಡು ಎದ್ದು, ಅವನ ಕೈ ಹಿಡಿದುಕೊಂಡ. "ನಮಸ್ಕಾರ, ನಮಸ್ಕಾರ. ಮುಖ ಏನ್ ಸ್ವಾಮಿ ಹೀಗೆ ಬೆಂದಿದೆ? ಬಿಸಿಲಲ್ಲಿ ಗುಡ್ಡ ಹತ್ತಬೇಡಿ ಅಂತ ಹೇಳಿರಲಿಲ್ವಾ? ನಿಲ್ಲಿ, ಮೊದಲು ಒಂದು ಲೋಟ ಮಾಬಿ ತೊಗಟೆ ಕಷಾಯ ಕುಡೀರಿ, ಕಹಿ ಅಂತ ಮುಖ ಕಿವುಚಬಾರದು," ಎಂದು ಒಳಗೆ ಹೊರಟ. ಯೋರಿಸ್‌ನ ಬಾಯಿಗೆ ಇಂಗ್ಲಿಷೂ ಬರಲಿಲ್ಲ, ಅವನದೇ ಭಾಷೆಯೂ ಬರಲಿಲ್ಲ. ಕೈ ಕೊಸರಿಕೊಂಡು ಕಟ್ಟೆಯ ಕಡೆ ಓಡಿದ. ಬರ್ಟಿಲ್ ಲೋಟ ಹಿಡಿದು ಹೊರಗೆ ಬಂದು ನೋಡಿದಾಗ ಯಾರೂ ಇರಲಿಲ್ಲ.

ಕಟ್ಟೆಯಲ್ಲಿ ಸಂಜೆಯ ಹಡಗಿಗೆ ಕಾಯುವ ಹೆಂಗಸರು ಟ್ಯಾಂಟಿಯ ಸುತ್ತ ಕೂತಿದ್ದರು. ಕಾಸ್ಮೋರ್ ದೋಣಿಯೊಳಗೆ ಮುಖದ ಮೇಲೆ ಟೊಪ್ಪಿ ಇಟ್ಟುಕೊಂಡು ಮಲಗಿದ್ದ. ಯೋರಿಸ್ ಬಂದ. ಪ್ಯಾಂಟು ತೊಡೆಯ ತನಕ ಒದ್ದೆ. ಪ್ರವಾಸಿಗರ ಪ್ಯಾಂಟು ಯಾವಾಗ ಒಣಗಿರುತ್ತದೆ? ಮುಖ ಕೆಂಪು. ಅದು ಬಂದ ದಿನದಿಂದಲೂ ಕೆಂಪೇ. ಅವನು ಟ್ಯಾಂಟಿಯ ಮುಂದೆ ಬಂದು ಎರಡೂ ಕಾಲು ಜೋಡಿಸಿ ನಿಂತ.

"ನಮಸ್ಕಾರ, ಟ್ಯಾಂಟಿ."

"ನೋಡ್ರೇ, ನೋಡ್ರೇ!" ಟ್ಯಾಂಟಿ ಸೌಟನ್ನು ಎತ್ತಿ ಹಿಡಿದಳು. "ಉಸಿರು ಹೋಗ್ತಿದ್ರೂ ಹೇಗೆ ಹೇಳ್ದ ನೋಡಿ! ನಮ್ಮ ಹುಡುಗ್ರು ಕಲೀಬೇಕು. ನಮಸ್ಕಾರ ಕಣಪ್ಪ, ನೂರು ವರ್ಷ ಬಾಳು. ಎಲ್ರೂ ಹೇಳ್ರೇ ಅವನಿಗೆ!"

ಹೆಂಗಸರು ಒಬ್ಬೊಬ್ಬರಾಗಿ, ನಗುತ್ತ, ರಾಗ ಎಳೆದು ಹೇಳಿದರು. "ನಮಸ್ಕಾರ ಮಿಸ್ಟರ್." "ನಮಸ್ಕಾರಾ ಮಿಸ್ಟರ್ ಯೋರಿಸ್." ಅವನು ಪ್ರತಿಯೊಬ್ಬಳ ಕಡೆಗೂ ತಿರುಗಿ ತುಟಿ ಅಲುಗಿಸಿದ. ಒಬ್ಬರನ್ನು ಬಿಟ್ಟರೆ ಎಲ್ಲ ಕೆಟ್ಟುಹೋದೀತು ಎಂಬ ಹೆದರಿಕೆ ಅವನ ಮುಖದಲ್ಲಿತ್ತು. ಯಾರಿಗೂ ಅದು ಹೆದರಿಕೆಯಂತೆ ಕಾಣಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

"ಈಗ ಹೇಳಪ್ಪ, ಏನ್ ಬೇಕು?" ಎಂದಳು ಟ್ಯಾಂಟಿ.

"ಮಾರ್ಲೇನ್," ಎಂದ. "ನೀರಿನಲ್ಲಿ. ಅಲ್ಲಿ, ಗಾಳಿಬದಿ." ಆಮೇಲೆ ಅವನು ಅಲ್ಲೇ ಕುಸಿದು ಕೂತ.

ಟ್ಯಾಂಟಿಯ ಕೈಯಿಂದ ಸೌಟು ಬಿತ್ತು. ಮರದ ಬುಡದಲ್ಲಿ ಯಾವಾಗಲೂ ಇರುವ ಶಂಖವನ್ನು ಎತ್ತಿ ಊದಿದಳು. ಅದನ್ನು ಊದುವುದು ಮೀನಿನ ಹಿಂಡು ಬಂದಾಗ, ಇಲ್ಲವೇ ಜೀವ ಹೋಗುವಾಗ. ಊದಿದ ರೀತಿಯಲ್ಲೇ ಯಾವುದೆಂದು ಊರಿಗೆ ತಿಳಿಯುತ್ತದೆ. ಕಾಸ್ಮೋರ್ ಎದ್ದವನೇ ಹಗ್ಗ ಬಿಚ್ಚುವುದನ್ನೂ ಬಿಟ್ಟು ಕತ್ತರಿಸಿ ದೋಣಿ ಹೊರಡಿಸಿದ. ಯೋರಿಸ್‌ಗೆ ಕಾಯಲಿಲ್ಲ. ಯೋರಿಸ್ ಮತ್ತೆ ಗುಡ್ಡದ ಕಡೆ ಓಡಿದ, ಹಿಂದೆ ಊರೆಲ್ಲ ಓಡಿತು. ಟ್ಯಾಂಟಿಯ ದಪ್ಪ ಕಾಲುಗಳು ಗುಡ್ಡದ ಅರ್ಧಕ್ಕೇ ಸೋತವು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಇಳಿದು ಬರುವವರ ಮುಖ ಕಾಯುತ್ತ ದೇವರನ್ನು ಕೂಗುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ದೇವರಿಗೂ ನಮಸ್ಕಾರ ಹೇಳಲಿಲ್ಲ. ನೇರವಾಗಿ ಬೇಡಿದಳು.

ಕಾಸ್ಮೋರ್ ಹವಳದ ದಿಬ್ಬದ ಹತ್ತಿರ ಮುಳುಗಿ ಮಾರ್ಲೇನ್‌ಳನ್ನು ಎತ್ತಿಕೊಂಡು ಬಂದ. ಉಸಿರಿರಲಿಲ್ಲ. ದಡದಲ್ಲಿ ಎದೆ ಒತ್ತಿದರು, ಬಾಯಿಗೆ ಉಸಿರು ಕೊಟ್ಟರು, ಬಹಳ ಹೊತ್ತು. ಕೊನೆಗೆ ಓಡಿ ಬಂದಿದ್ದ ಊರಿನ ನರ್ಸಮ್ಮ ಕಾಸ್ಮೋರ್‌ನ ತೋಳು ಹಿಡಿದು ನಿಲ್ಲಿಸಬೇಕಾಯಿತು.

ಸತ್ತವರಿಗೆ ಸ್ನಾನ ಮಾಡಿಸಿ ಬಟ್ಟೆ ಉಡಿಸುವುದು ನಮ್ಮಲ್ಲಿ ಊರ ಹಿರಿಯ ಹೆಂಗಸರ ಕೆಲಸ. ಬೇರೆಯವರು ಮಾಡ್ತೀವಿ ಅಂದರು. ಟ್ಯಾಂಟಿ ಬಿಟ್ಟುಕೊಡಲಿಲ್ಲ. ಬಾಗಿಲು ಹಾಕಿಕೊಂಡು, ತೊಟ್ಟಿಯ ಮಳೆನೀರನ್ನು ಕೊಡಗಟ್ಟಲೆ ಸುರಿದು, ಮಾರ್ಲೇನ್‌ಳ ಕೂದಲಿನಿಂದ ಮರಳು ತೆಗೆದಳು. ಮುಟ್ಟುವ ಮುಂಚೆ ರೂಢಿಯಂತೆ ಅವಳ ಬಾಯಿಗೆ ನಮಸ್ಕಾರ ಬಂತು. ಅರ್ಧಕ್ಕೇ ತುಟಿ ಕಚ್ಚಿಕೊಂಡಳು. ಆಮೇಲೆ ಅಳು ತಡೆಯಲಾಗಲಿಲ್ಲ.

ಸಂಜೆ ಕಾಸ್ಮೋರ್ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ. ಅವಳು ಬಟ್ಟಲು ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಟ್ಯಾಂಟಿ," ಎಂದ. "ಕೈ ಕಾಣಿಸ್ತು."

"ಏನಂದೆ?"

"ದ್ವೀಪದ ಮೂಲೆ ತಿರುಗಿಸಿದಾಗ ಅವರ ಕೈ ನೀರಿನ ಮೇಲಿತ್ತು. ಆಡ್ತಾ ಇತ್ತು. ನಾನು ಬಂದೆ ಬಂದೆ ಅಂತ ಕೂಗ್ದೆ. ಅವರಿಗೆ ಕೇಳಿಸ್ತು ಅನ್ನಿಸುತ್ತೆ, ಈ ಕಡೆ ತಿರುಗಿದ್ರು. ಹತ್ರ ಹೋಗೋಷ್ಟ್ರಲ್ಲಿ ಇರಲಿಲ್ಲ."

ಟ್ಯಾಂಟಿ ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಒಂದು ಚೂರು ಮುಂಚೆ ಹೋಗಿದ್ರೆ?"

ಕಾಸ್ಮೋರ್ ಬಟ್ಟಲನ್ನೇ ನೋಡುತ್ತಿದ್ದ. "ಕೇಳ್ಬೇಡ ಟ್ಯಾಂಟಿ."

"ಯಾರಿಗಾದ್ರೂ ಹೇಳ್ದೇನೋ?"

"ಇಲ್ಲ. ಹೇಳ್ಲಾ?"

ಅವಳು ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಎದ್ದುಹೋದ.

ಊರಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. "ನಾವೇನ್ ಕೆಟ್ಟದ್ದು ಮಾಡಿದ್ವಿ? ಮರ್ಯಾದೆಯಾಗಿ ಮಾತಾಡಿಸಿದ್ವಿ," ಎಂದು ಕಟ್ಟೆಯ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಹಾಗೆ ಹೇಳಿಕೊಳ್ಳುವಾಗ ಯಾರ ಕಣ್ಣೂ ಯಾರ ಕಣ್ಣನ್ನೂ ಸೇರುತ್ತಿರಲಿಲ್ಲ. ಬರ್ಟಿಲ್ ಮಾಬಿಯ ಲೋಟವನ್ನು ತೊಳೆಯದೆ ಹೊಸ್ತಿಲ ಮೇಲೇ ಬಿಟ್ಟಿದ್ದ. ಪಕ್ಕದ ಮನೆಯವಳು ಮಗನಿಗೆ ಹೇಳುತ್ತಿದ್ದದ್ದು ಬೇಲಿಯಾಚೆಯಿಂದ ಟ್ಯಾಂಟಿಗೆ ಕೇಳಿಸಿತು. "ಏನಾದ್ರೂ ಆದ್ರೆ ನಮಸ್ಕಾರ ಗಿಮಸ್ಕಾರ ಅಂತ ನಿಂತ್ಕೋಬೇಡ, ಬಾಯಿ ಬಡ್ಕೊಂಡು ಬಾ, ತಿಳೀತಾ?" ಹುಡುಗ ಹೂಂ ಎಂದ. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ನಮ್ಮ ಮಗು ಹೆದರಿದರೆ ಅರಚುತ್ತದೆ, ಅರಚಿದರೆ ಊರೇ ಓಡುತ್ತದೆ. ಜೀವ ಹೋಗುವಾಗ ಈ ಲೆಕ್ಕವೆಲ್ಲ ಇಲ್ಲ ಎಂಬುದು ನಮಗೆಲ್ಲ ಹುಟ್ಟಿನಿಂದ ಗೊತ್ತು. ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನಿಗೆ ಹೇಳಿದ್ದು ಬೆಂಕಿಯ ಮಾತು.

ಯೋರಿಸ್ ಕೋಣೆಯಿಂದ ಹೊರಗೆ ಬರಲಿಲ್ಲ. ಟ್ಯಾಂಟಿ ಬಾಗಿಲ ಹೊರಗೆ ತಟ್ಟೆ ಇಡುವಳು, ತಟ್ಟೆ ಹಾಗೇ ಇರುತ್ತಿತ್ತು. ಅವನೇ ಬಾಗಿಲು ತೆರೆದು ಬೈದರೆ ಸಾಕು, ಹೊಡೆದರೂ ಸರಿ ಎಂದು ಅವಳು ಅಲ್ಲೇ ನೆಲದ ಮೇಲೆ ಕೂರುತ್ತಿದ್ದಳು. ಅವನು ಬಯ್ಯುವವನಲ್ಲ. ಒಳಗಿನಿಂದ ಒಂದೇ ಮಾತು, ಅವನ ಭಾಷೆಯಲ್ಲಿ, ಮತ್ತೆ ಮತ್ತೆ ಕೇಳುತ್ತಿತ್ತು. ಅದು ಅವಳಿಗೆ ತಿಳಿಯಲಿಲ್ಲ. ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಾನೆ ಎನ್ನುವುದು ಮಾತ್ರ ದನಿಯಲ್ಲೇ ತಿಳಿಯಿತು.

ರಾಜಧಾನಿ ಕಿಂಗ್ಸ್‌ಟೌನಿನಿಂದ ಪೊಲೀಸರ ದೋಣಿ ಬಂದ ಬೆಳಗ್ಗೆ ಊರೆಲ್ಲ ಕಪ್ಪು ಬಿಳಿ ಬಟ್ಟೆ ತೊಟ್ಟು ಕಟ್ಟೆಯ ಎರಡೂ ಬದಿಗೆ ನಿಂತಿತ್ತು. ದೋಣಿ ಕಟ್ಟುವ ಮರದಿಂದಲೇ ಮಾಡಿದ ಶವಪೆಟ್ಟಿಗೆಯನ್ನು ಕಾಸ್ಮೋರ್ ಮತ್ತೆ ಮೂವರು ಹೊತ್ತು ಇಳಿಸಿದರು. ಹಿಂದಿನಿಂದ ಯೋರಿಸ್ ಬಂದ. ಬಂದ ದಿನ ಎಳೆದು ತಂದಿದ್ದ ಪೆಟ್ಟಿಗೆಯನ್ನೇ ಎಳೆದುಕೊಂಡು, ಯಾರನ್ನೂ ನೋಡದೆ ನಡೆದ. ಟ್ಯಾಂಟಿಯ ಬೆಂಚಿನ ಮುಂದೆ ಬಂದಾಗ ನಿಂತ. ಅವಳ ಒಲೆಯಲ್ಲಿ ಬೆಂಕಿ ಇರಲಿಲ್ಲ.

ಅವನು ಟೊಪ್ಪಿ ತೆಗೆದ. "ನಮಸ್ಕಾರ, ಟ್ಯಾಂಟಿ."

ಟ್ಯಾಂಟಿ ಎದ್ದು ನಿಂತಳು. "ಬೇಡಪ್ಪಾ," ಎಂದಳು. "ನನಗೆ ಅದನ್ನ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಒಂದು ಮಾತು ಕೇಳಬೇಕು," ಎಂದ ಯೋರಿಸ್. "ಮೊದಲು ಹೇಳಬೇಕು, ಆಮೇಲೆ ಕೇಳಬೇಕು ಅಂದಿದ್ದಿರಿ." ಅವನು ಅಣಕಿಸುತ್ತಿರಲಿಲ್ಲ. ಅವಳು ತಿರುಗಿ ಹೇಳಲೆಂದು ಕಾಯುತ್ತಿದ್ದ.

ಅವಳಿಗೆ ದಾರಿಯಿರಲಿಲ್ಲ. "ನಮಸ್ಕಾರ, ಮಗಾ," ಎಂದಳು.

"ನಾನು ಅದನ್ನು ಹೇಳದೆ, ಕೂಗಿಕೊಂಡು ಬಂದಿದ್ದರೆ, ಮಾರ್ಲೇನ್ ಬದುಕುತ್ತಿದ್ದಳೇ?"

ಪೆಟ್ಟಿಗೆ ಇಳಿಸಿ ನಿಂತಿದ್ದ ಕಾಸ್ಮೋರ್ ಅಲ್ಲೇ ಇದ್ದ. ಅವನ ಕಡೆ ನೋಡಲು ಟ್ಯಾಂಟಿಗೆ ಧೈರ್ಯ ಬರಲಿಲ್ಲ. ಹೌದು ಎನ್ನುವ ಮಾತು ಅವಳ ಗಂಟಲಿನ ತನಕ ಬಂದಿತ್ತು. ಹೌದು ಮಗಾ, ನನ್ನ ಹಾಳು ತಮಾಷೆ ಅವಳನ್ನು ಕೊಂದಿತು, ಊರ ಮುಂದೆ ನನ್ನ ಮುಖಕ್ಕೆ ಉಗಿ ಎಂದುಬಿಟ್ಟರೆ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಆದರೆ ಆ ಕಲ್ಲು ನೆಲಕ್ಕೆ ಬೀಳುತ್ತಿರಲಿಲ್ಲ, ಇವನ ಮೇಲೆ ಬೀಳುತ್ತಿತ್ತು. ನಿಂತು ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿದವನು ಇವನು. ಹೌದು ಎಂದರೆ ಇವನು ಬದುಕಿರುವಷ್ಟು ದಿನವೂ ಆ ಕಟ್ಟೆಯ ಮೇಲೆಯೇ ನಿಂತಿರುತ್ತಾನೆ. ಇಲ್ಲ ಎಂದರೆ ಇವನು ಉಳಿಯುತ್ತಾನೆ. ಅದರ ಜೊತೆಗೆ ಅವಳೂ ತಪ್ಪಿಲ್ಲದವಳಾಗಿ ಉಳಿದುಬಿಡುತ್ತಾಳೆ, ಊರೆಲ್ಲ ಕೇಳುವಂತೆ, ತನ್ನ ಬಾಯಿಂದಲೇ.

"ಇಲ್ಲ ಕಣಪ್ಪ," ಎಂದಳು ಟ್ಯಾಂಟಿ. "ಗಾಳಿಬದಿ ನೀರೇ ಹಾಗೆ. ಎಳ್ಕೊಂಡ್ರೆ ಮುಗೀತು. ನೀನು ಹಾರ್ಕೊಂಡು ಬಂದಿದ್ರೂ ನಮ್ಮ ದೋಣಿ ಮುಟ್ತಾ ಇರಲಿಲ್ಲ. ನೀನೇನೂ ತಪ್ಪು ಮಾಡಿಲ್ಲ."

ಯೋರಿಸ್ ಅವಳ ಮುಖವನ್ನೇ ನೋಡಿದ. ಆಮೇಲೆ ಕಾಸ್ಮೋರ್‌ನ ಕಡೆ ತಿರುಗಿದ. "ನಮಸ್ಕಾರ, ಕಾಸ್ಮೋರ್."

"ನಮಸ್ಕಾರ," ಎಂದ ಕಾಸ್ಮೋರ್.

"ಇದು ನಿಜವೇ?"

ಕಾಸ್ಮೋರ್ ಟ್ಯಾಂಟಿಯನ್ನು ನೋಡಿದ. ಅವಳು ಸಾಕಿದ ಹುಡುಗ. ಅವಳ ಕೈಯಲ್ಲಿ ಎಷ್ಟೋ ಸಲ ಸುಳ್ಳು ಹೇಳಿದ್ದಕ್ಕೆ ಏಟು ತಿಂದವನು. "ಟ್ಯಾಂಟಿ ಹೇಳಿದ ಮೇಲೆ ಆಯ್ತು," ಎಂದ.

ಯೋರಿಸ್‌ನ ಹೆಗಲು ಇಳಿಯಿತು. ಬಾಯಿ ತೆರೆದು ಜೋರಾಗಿ ಅತ್ತ, ಮಾರ್ಲೇನ್ ಹೋದ ಮೇಲೆ ಮೊದಲ ಸಲ. ಟ್ಯಾಂಟಿ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಅವನು ಬಗ್ಗಿ, ಮಗುವಿನ ಹಾಗೆ ಅವಳನ್ನು ಹಿಡಿದುಕೊಂಡ. ಪೊಲೀಸರು ಅವಸರ ಮಾಡಲಿಲ್ಲ.

ದೋಣಿ ಉಪ್ಪಿನ ಕೆರೆಯ ಕಡೆಯ ದಡದ ಮೂಲೆ ದಾಟಿ ಮರೆಯಾದ ಮೇಲೆ ಹೆಂಗಸರು ಟ್ಯಾಂಟಿಯನ್ನು ಸುತ್ತುವರಿದರು. "ಕೇಳ್ಸಿತಾ, ನಿನ್ನ ಬಾಯಲ್ಲೇ ಬಂತು, ಯಾರ ಕೈಲೂ ಅವರನ್ನ ಉಳಿಸೋಕೆ ಆಗ್ತಿರಲಿಲ್ಲ ಅಂತ," ಎಂದು ಒಬ್ಬಳು ಕಣ್ಣೊರೆಸಿಕೊಂಡಳು. "ಇನ್ನು ಮನಸ್ಸಿಗೆ ಹಚ್ಕೋಬೇಡ ಟ್ಯಾಂಟಿ." ಬರ್ಟಿಲ್ ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಒತ್ತಿ, ಹಗುರಾದವನಂತೆ ಮನೆಯ ಕಡೆ ನಡೆದ. ಅಂದು ಊರಿಗೆಲ್ಲ ಊಟ ಸೇರಿತು.

ಟ್ಯಾಂಟಿ ಹೆಂಗಸರನ್ನು ಬಿಡಿಸಿಕೊಂಡು ಕಟ್ಟೆಯ ತುದಿಗೆ ಹೋದಳು. ಕಾಸ್ಮೋರ್ ಅಲ್ಲಿ ಬಗ್ಗಿ, ಆ ದಿನ ಕತ್ತರಿಸಿದ್ದ ಹಗ್ಗದ ತುದಿಗಳನ್ನು ಸೇರಿಸಿ ಹೆಣೆಯುತ್ತಿದ್ದ. ಅವಳ ನೆರಳು ಬಿದ್ದರೂ ತಲೆ ಎತ್ತಲಿಲ್ಲ. ಅವಳು ಕಾದಳು. ಆಮೇಲೆ ಅವಳೇ ಮೊದಲಾಗಿ, "ನಮಸ್ಕಾರ, ಕಾಸ್ಮೋರ್" ಎಂದಳು.

ಅವನು ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿದ. ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

"ನಮಸ್ಕಾರ, ಟ್ಯಾಂಟಿ," ಎಂದ. ಆಮೇಲೆ, ಹೇಳ್ಲಾ ಎಂದು ಮತ್ತೆ ಕೇಳಲಿಲ್ಲ.